ನಾನು ಬೀಡಿ ಬಿಟ್ಟ ಬಗೆ

ಬೀಡಿ ಚಟದ ಗಂಡಂದಿರನ್ನು ಹೆಂಗಸರು ಇಂದಿಗೂ ನನ್ನ ಮುಂದೆ ತಂದು ಕೂಡಿಸುತ್ತಾರೆ. "ನೀವು ಹೆಂಗ ಬಿಟ್ರಿ, ಸ್ವಲ್ಪ ಹೇಳ್ರಿ ಮಾಸ್ತರ್ರ." ನಾನೂ ದೊಡ್ಡ ಮನುಷ್ಯನಂತೆ ಹೇಳುತ್ತೇನೆ: ಒಮ್ಮೆಲೇ ಬಿಡಿ, ಕಿಸೆಯಲ್ಲಿ ಬಡೇಸೋಪು ಇಟ್ಟುಕೊಳ್ಳಿ, ಸೇದಬೇಕು ಅನ್ನಿಸಿದಾಗ ಒಂದು ತಂಬಿಗೆ ನೀರು ಕುಡಿಯಿರಿ, ಮೊದಲ ವಾರ ವಿಪರೀತ ಸಿಟ್ಟು ಬರುತ್ತದೆ, ತಡೆದುಕೊಳ್ಳಿ. ಎಲ್ಲ ನಿಜವೇ. ಆದರೆ ನಾನು ಬಿಟ್ಟದ್ದು ಇಷ್ಟರಿಂದಲೇ ಅಲ್ಲ.

ಕಾಲುವೆಗೆ ನೀರು ಬಂದ ಹೊಸತು. ರಂಗಂಪೇಟೆಯಿಂದ ಬೋನಾಳದ ಕಡೆಯ ಶಾಲೆಗೆ ಕಾಲುವೆ ದಂಡೆಗುಂಟ ಸೈಕಲ್ ಮೇಲೆ ಹೋಗುತ್ತಿದ್ದೆ. ದಾರಿಯಲ್ಲಿ ಕಾಲುವೆಯ ಗೇಟು ಕಾಯುವ ಗೆಳೆಯನೊಬ್ಬ ಇದ್ದ. ಸೇದುವುದು ಕಡಿಮೆಯಾಗಲಿ ಎಂದು ಇಬ್ಬರೂ ಒಂದು ಕರಾರು ಮಾಡಿಕೊಂಡಿದ್ದೆವು: ಬೀಡಿ ಕಟ್ಟು ಅವನ ಹತ್ತಿರ, ಕಡ್ಡಿಪೆಟ್ಟಿಗೆ ನನ್ನ ಹತ್ತಿರ. ಒಬ್ಬೊಬ್ಬರೇ ಸೇದುವಂತಿಲ್ಲ. ಎಂಥ ಜಾಣರು ನೋಡಿ! ಬೀಡಿ ಕಡಿಮೆಯಾಗಲಿಲ್ಲ, ಭೇಟಿ ಹೆಚ್ಚಾಯಿತು. ಹೋಗುವಾಗ, ಬರುವಾಗ, ರಜೆಯ ದಿನವೂ ಏನಾದರೊಂದು ನೆಪ ತೆಗೆದು ಗೇಟಿನ ಕಟ್ಟೆಯ ಮೇಲೆ ಕೂಡುತ್ತಿದ್ದೆವು. ಅವನಷ್ಟು ನನ್ನನ್ನು ನಗಿಸಿದವರು ಮತ್ತೊಬ್ಬರಿಲ್ಲ.

ಕೆಮ್ಮು ಹೆಚ್ಚಾಗಿ, ಸುರಪುರದ ಡಾಕ್ಟರು ಬೈದ ಮೇಲೆ ಬೀಡಿ ಬಿಟ್ಟೆ. ಮೂರು ದಿನ ರಜೆ ಹಾಕಿ ಮನೆಯಲ್ಲೇ ತಡೆದೆ. ನಾಲ್ಕನೆಯ ದಿನ ಶಾಲೆಗೆ ಹೊರಟಾಗ ದೂರದಿಂದ ಅವನು ಕಂಡದ್ದೇ ತಡ, ಬಾಯಲ್ಲಿ ನೀರೂರಿತು. ಅಲ್ಲೇ ಸೈಕಲ್ ತಿರುಗಿಸಿ ಸುತ್ತಿನ ರಸ್ತೆ ಹಿಡಿದೆ. ಆಮೇಲೆ ಆ ದಂಡೆಗೆ ಹೋಗಲೇ ಇಲ್ಲ. ಅವನಿಗೆ ಒಂದು ಮಾತು ಹೇಳಬಹುದಿತ್ತು. ಹೇಳಿದರೆ ನಕ್ಕಾನು, ನಕ್ಕರೆ ನಾನು ಸೋತೇನು ಎಂಬ ಹೆದರಿಕೆ. ಸೊಕ್ಕೂ ಇತ್ತು.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಅವನೇ ಮನೆಗೆ ಬಂದ. ಕಿಟಕಿಯಿಂದ ನೋಡಿ ಒಳಕೋಣೆ ಸೇರಿದೆ. ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿ, ಹೊರಗೆ ಹೋಗಿ "ಮನ್ಯಾಗಿಲ್ರಿ" ಎಂದಳು.

"ಇರ್ಲಿ ಬಿಡ್ರಿ ವೈನಿ, ಒಂದ್ ಮಾತ್ ಹೇಳೋದಿತ್ತು. ಮತ್ತ ಬರ್ತೀನಿ" ಅಂದ.

ಅವನ ಚಪ್ಪಲಿ ಸಪ್ಪಳ ದೂರವಾಗುವ ತನಕ ಉಸಿರು ಬಿಗಿಹಿಡಿದು ನಿಂತಿದ್ದೆ. ಗೆದ್ದೆ ಅನ್ನಿಸಿತ್ತು, ನಾಚಿಕೆಗೇಡಿ ನಾನು.

ಮತ್ತೆ ಅವನು ಬರಲಿಲ್ಲ. ಮಳೆಗಾಲ ಹಿಡಿದಾಗ ಕಾಮಾಲೆಯಾಗಿ ಎಂಟೇ ದಿನದಲ್ಲಿ ಹೋಗಿಬಿಟ್ಟ. ಸುದ್ದಿ ನನಗೆ ಮುಟ್ಟಿದ್ದೂ ಮಣ್ಣು ಮುಗಿದ ಮೇಲೆ.

ಅವನ ಮನೆಗೆ ಹೋದಾಗ ಅವನ ಹೆಂಡತಿ ಚಹಾ ಕೊಟ್ಟು ಎದುರಿಗೆ ಕೂತಳು. "ನೀವು ಬಿಟ್ರಿ ಅಂತ ತಿಳದು ಅವ್ರೂ ಬೀಡಿ ಬಿಟ್ಟಿದ್ರು ಅಣ್ಣಾ. ಎರಡು ತಿಂಗಳು ಮುಟ್ಟಿದ್ದಿಲ್ಲ. ಇನ್ನರ ಮಾಸ್ತರ್ ನನ್ನ ಸಂಗಟ ಕೂಡ್ತಾರ ಅಂತ ಖುಷೀಲೆ ಹೇಳಾಕ ನಿಮ್ಮ ಮನೀಗಿ ಬಂದಿದ್ರು. ಅವತ್ತ ನೀವು ಇದ್ದಿದ್ದಿಲ್ಲಂತ."

ಅವಳ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ನಾನು ಬಸಿಯಲ್ಲಿದ್ದ ಚಹಾ ನೋಡುತ್ತ, "ಹೌದವ್ವ, ಇದ್ದಿದ್ದಿಲ್ಲ" ಎಂದೆ.