ಅಂಜುಬುರುಕ ತತ್ವಜ್ಞಾನಿಯೂ ಡಾಕ್ಟರ್ ಅಂಕಲ್ಲೂ

ಸ್ಟಾಕ್‌ಪೋರ್ಟಿಗೆ ಮರಳುವ ಸಂಜೆಯ ರೈಲಿನಲ್ಲಿ ಎದುರಿಗೆ ಕೂತ ಹುಡುಗಿ ದಪ್ಪ ಪುಸ್ತಕವೊಂದನ್ನು ಓದುತ್ತಿದ್ದಳು. ಮುಖಪುಟದಲ್ಲಿ ಒಬ್ಬ ದೊರೆ. ಅವನ ಮೈಯೆಲ್ಲ ಪುಟ್ಟ ಪುಟ್ಟ ಮನುಷ್ಯರು. ಆ ಚಿತ್ರವನ್ನು ನಾನು ಬಲ್ಲೆ. ಡಿಡ್ಸ್‌ಬರಿಯ ಡಾಕ್ಟರ್ ಅಂಕಲ್ ಮನೆಯ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಬಾಟಲಿಯ ಪಕ್ಕದಲ್ಲೇ ಅದೇ ಪುಸ್ತಕ ಬಿದ್ದಿರುತ್ತಿತ್ತು.

ಇಂಗ್ಲಿಷರ ಈ ನಾಡಿಗೆ ಓದಲು ಬಂದ ವರ್ಷ ಅವರ ಮನೆಯ ಮಹಡಿಯ ಕೋಣೆಯಲ್ಲಿದ್ದೆ. ಧಾರವಾಡದವರು, ನಿವೃತ್ತರು, ಹೆಂಡತಿ ತೀರಿಕೊಂಡಿದ್ದರು. ಜೊತೆಗಿದ್ದವನೆಂದರೆ ಆ ಪುಸ್ತಕ ಬರೆದ, ನಾನೂರು ವರ್ಷ ಹಿಂದಿನ ಇಂಗ್ಲಿಷ್ ತತ್ವಜ್ಞಾನಿ. ನಾನೋ ಕಂಪ್ಯೂಟರ್ ಓದಲು ಬಂದವಳು. ನನಗೆ ಗೊತ್ತಿದ್ದ ರಾಜಕೀಯ ಊರಿನ ಹಾಸ್ಟೆಲ್ಲಿನ ಬಾತ್‌ರೂಮ್ ಸರದಿಯದು ಮಾತ್ರ.

“ನೋಡವಾ, ವೈರಿ ಹಡಗ ಬಂದಾವಂತ ಇದನ್ನ ಬರದಾಂವನ ಅವ್ವ ಅಂಜಿ, ದಿನಾ ತುಂಬೂಕಿಂತ ಮೊದಲ ಇವನ್ನ ಹಡದ್ಳು. ಊರಾಗ ದಂಗೆ ಏಳೂದ್ರಾಗ ಪ್ಯಾರಿಸ್ಸಿಗೆ ಓಡಿದಾಂವ. ಮನುಷ್ಯಾ ಮನುಷ್ಯಾಗ ಅಂಜತಾನ, ಅದಕ್ಕ ಎಲ್ಲಾರೂ ಕೂಡಿ ಒಬ್ಬ ದೊರೆ ಕೈಯಾಗ ಬೆತ್ತಾ ಕೊಡ್ತಾರ ಅಂದ. ಖರೇ ಐತಿ.”

ಹಾಗೆನ್ನುತ್ತ ಅಂಕಲ್ ಮುಂಬಾಗಿಲಿನ ಎರಡೂ ಚಿಲಕ ಹಾಕುವರು. ಗೋಡೆಗೆ ಗೋಡೆ ಅಂಟಿದ್ದ ಪಕ್ಕದ ಮನೆಯ ಮುದುಕನೊಡನೆ ಅವರು ಎಂದೂ ಮಾತಾಡಿದ್ದಿಲ್ಲ.

ಆ ತತ್ವಜ್ಞಾನಿ ಮುಪ್ಪಿನಲ್ಲಿ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಹಾಡುತ್ತಿದ್ದನಂತೆ, ಶ್ವಾಸಕೋಶಕ್ಕೆ ಒಳ್ಳೆಯದೆಂದು. ತೊಂಬತ್ತು ದಾಟಿ ಬದುಕಿದ. ಅಂಕಲ್ ಕೂಡ ದಿನಾ ಬೆಳಿಗ್ಗೆ ಬಾತ್‌ರೂಮಿನಲ್ಲಿ ಹಾಡುತ್ತಿದ್ದರು. ಶ್ರುತಿಗೂ ಅವರಿಗೂ ಮಾತುಕತೆ ಇರಲಿಲ್ಲ.

ಒಂದು ದಿನ ಕ್ಲಾಸಿನಿಂದ ಬಂದರೆ ಹಿಂದಿನ ಕಿಟಕಿ ಒಡೆದಿತ್ತು. ಅಡುಗೆಮನೆಯಲ್ಲಿ ಪಕ್ಕದ ಮನೆಯ ಮುದುಕ ಗಾಜಿನ ಚೂರು ಗುಡಿಸುತ್ತಿದ್ದ. ಅಂಕಲ್ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಕಿಟಕಿ ಒಡೆದು ಒಳಗೆ ನುಗ್ಗಿ ಆಂಬುಲೆನ್ಸ್ ಕರೆಸಿದವನು ಅವನೇ.

“ನಿಮಗೆ ಹೇಗೆ ಗೊತ್ತಾಯಿತು?”

“ಹಾಡು ನಡುವೆಯೇ ನಿಂತುಬಿಟ್ಟಿತು,” ಎಂದ. “ಹೆಂಡತಿ ಹೋದಮೇಲೆ ಬೆಳಿಗ್ಗೆ ನನಗೆ ಕೇಳಿಸುವ ಮನುಷ್ಯನ ದನಿ ಅದೊಂದೇ.”

ಆಸ್ಪತ್ರೆಯಲ್ಲಿ ಇದನ್ನು ಹೇಳಿದೆ. ಅಂಕಲ್ ಕನ್ನಡಕ ತೆಗೆದು ಹೊದಿಕೆಯ ಮೇಲಿಟ್ಟರು.

“ಬಾಜೂ ಮನಿಯಾಂವ ಯಾವ ದೊರಿಗೂ ಅಂಜಿ ಬರಲಿಲ್ಲ ನೋಡವಾ. ಇಷ್ಟು ವರ್ಷ ಗ್ವಾಡಿ ಆಚೆ ಕೂತು ಕೇಳ್ಯಾನ. ನಾ ಚಿಲಕಾ ಹಾಕ್ಕೊಂಡು ಕೂತಿದ್ದೆ.”

ಆಮೇಲೆ ಮುದುಕ ದಿನಾ ಬಸ್ಸು ಹಿಡಿದು ಆಸ್ಪತ್ರೆಗೆ ಬಂದ. ಇಬ್ಬರೂ ಜೊತೆಗೆ ಕೂತು ಟೀ ಕುಡಿದರು. ಅಂಕಲ್ ಮನೆಗೆ ಮರಳಲಿಲ್ಲ. ಅಂತ್ಯಕ್ರಿಯೆಯ ದಿನ ಮುಂದಿನ ಸಾಲಿನಲ್ಲಿ ನಾನು, ಆ ಮುದುಕ, ಮತ್ತೆ ಖಾಲಿ ಕುರ್ಚಿಗಳು.

ಸ್ಟಾಕ್‌ಪೋರ್ಟಿನ ನನ್ನ ಈ ಫ್ಲಾಟಿಗೆ ಬಂದು ವರ್ಷಗಳಾದವು. ಮೇಲಿನ ಫ್ಲಾಟಿನಲ್ಲಿ ಯಾರೋ ಓಡಾಡುತ್ತಾರೆ, ಅಷ್ಟೇ ಗೊತ್ತು. ನಿಮ್ಮ ತಲೆಯ ಮೇಲೂ ಅಂಥವರೊಬ್ಬರು ಇರಬಹುದು. ಇಂದು ರೈಲಿಳಿದು ಬಂದವಳು ಕೋಟು ಕೂಡ ತೆಗೆಯದೆ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ನನ್ನದೇ ವಯಸ್ಸಿನ ಹೆಂಗಸೊಬ್ಬಳು ಅರ್ಧ ಬಾಗಿಲು ತೆರೆದು, “ಸಾರಿ, ಸದ್ದು ಜಾಸ್ತಿ ಆಯಿತೇ?” ಎಂದು ಗಾಬರಿಯಾದಳು.

“ಇಲ್ಲ,” ಎಂದೆ. “ನಿಮ್ಮ ಹೆಸರು ಕೇಳೋಣ ಅಂತ ಬಂದೆ.”