ಜೀಪಿನ ತಲೆ ತೆಗೆದ ಗೌಹರ್

ಆರ್.ಟಿ. ನಗರದ ಹಿಂದಿನ ಗಲ್ಲಿಯಲ್ಲಿ ಗ್ಯಾರೇಜು ನಡೆಸುವ ಗೌಹರ್‌ಗೆ ಐವತ್ತೊಂದು ವರ್ಷ, ಎಂಬತ್ತೆರಡು ಕಿಲೋ, ಮತ್ತು ಬೋಲ್ಟುಗಳ ಮೇಲೆ ತೀರದ ಹಗೆ. ತುಕ್ಕು ಹಿಡಿದ ಬೋಲ್ಟು ಕಂಡರೆ ಸಾಕು, ಆಕೆಯ ಮೂಗಿನ ಹೊಳ್ಳೆಗಳು ಅರಳುತ್ತವೆ. ಮೊದಲು ಎಣ್ಣೆ ಹನಿಸಿ ಸಂಧಾನಕ್ಕೆ ಐದು ನಿಮಿಷ ಕೊಡುತ್ತಾಳೆ. ಶರಣಾಗದಿದ್ದರೆ ಸ್ಪ್ಯಾನರ್. ಅದಕ್ಕೂ ಬಗ್ಗದಿದ್ದರೆ ಸುತ್ತಿಗೆ. ಆಮೇಲೂ ಸೊಕ್ಕು ತೋರಿಸಿದರೆ ಉಳಿ ಇಟ್ಟು ತಲೆ ಹಾರಿಸುತ್ತಾಳೆ. ಹಾಗೆ ಸತ್ತವುಗಳನ್ನು ಹಳೆಯ ಬಣ್ಣದ ಡಬ್ಬಿಯಲ್ಲಿ ತುಂಬಿ, ಒಳಗೆ ಬರುವ ಗಾಡಿಗಳು ನೋಡಿ ಬುದ್ಧಿ ಕಲಿಯಲಿ ಎಂಬಂತೆ ಬಾಗಿಲಲ್ಲೇ ಇಟ್ಟಿದ್ದಾಳೆ.

ಶೆಡ್ಡಿನ ಕಬ್ಬಿಣದ ತೊಲೆಗೆ ಕಪ್ಪಿಗಳಿವೆ, ಅವುಗಳಲ್ಲಿ ಓಡಾಡುವ ಒಂದು ದಪ್ಪ ಹಗ್ಗವಿದೆ. ಎಂಜಿನ್ನೇ ಇರಲಿ, ಬಾಗಿಲೇ ಇರಲಿ, ಎತ್ತಬೇಕಾದರೆ ಆ ಹಗ್ಗವನ್ನೇ ಎಳೆಯಬೇಕು. ಏಳು ವರ್ಷದ ಹಿಂದೆ ಅದು ಗಂಡ ಮುದಸ್ಸಿರನ ಕೈಯಲ್ಲಿತ್ತು. ಆತ ಒಂದು ಗೇರ್‌ಬಾಕ್ಸನ್ನು ಮೇಲೆತ್ತಿ, ತನ್ನ ಎಡಗಾಲಿನ ಮೇಲೆ ಕೆಡವಿಕೊಂಡು, ಎರಡು ಬೆರಳುಗಳನ್ನು ವೃತ್ತಿಗೆ ಅರ್ಪಿಸಿದ. ಆಸ್ಪತ್ರೆಯ ಮಂಚದ ಮೇಲೇ ಗಂಡಹೆಂಡಿರ ಒಪ್ಪಂದವಾಯಿತು: ಹಗ್ಗ ಹಿಡಿದವರದೇ ಗ್ಯಾರೇಜಿನ ಯಜಮಾನಿಕೆ. ಎತ್ತಿದ್ದು ನೆಲ ಮುಟ್ಟಿದ ದಿನ ಹಗ್ಗ ಇನ್ನೊಬ್ಬರಿಗೆ. ಅಂದಿನಿಂದ ಮುದಸ್ಸಿರ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಆ ದಿನಕ್ಕಾಗಿ ಕಾಯುತ್ತಿದ್ದಾನೆ. ಏಳು ವರ್ಷದಲ್ಲಿ ಗೌಹರ್ ಒಂದು ವಾಷರನ್ನೂ ಬೀಳಿಸಿಲ್ಲ. ಗಿರಾಕಿಗಳ ಮುಂದೆ ಇಬ್ಬರೂ ಕನ್ನಡದಲ್ಲೇ ಜಗಳವಾಡುತ್ತಾರೆ. ಅವರಿಗೂ ಅರ್ಥವಾಗಲಿ ಎಂಬ ಸೌಜನ್ಯ.

ಹೀಗಿರುವಾಗ ಒಂದು ಬೆಳಿಗ್ಗೆ ಕೊಡಿಗೇಹಳ್ಳಿಯ ಬಾಲರಾಜ್ ಜೀಪು ತಂದು ನಿಲ್ಲಿಸಿದ. ಅಪ್ಪನ ಕಾಲದ ರಾಗಿ ಹೊಲದಲ್ಲಿ ಈಗ ಮೂರು ಬಿಲ್ಡಿಂಗು ಎಬ್ಬಿಸಿರುವ ಮನುಷ್ಯ.

"ಅಕ್ಕಾ, ಮಗಳು ಪದ್ಮಶ್ರೀದು ಮದ್ವೆ. ಓಪನ್ ಜೀಪಲ್ಲೇ ಛತ್ರಕ್ಕೆ ಬರ್ತೀನಿ ಅಂತ ಅಟ ಇಡ್ದವ್ಳೆ. ಈ ಟಾಪ್ ಬಿಚ್ಚಿ ನಿಮ್ ತೊಲೆಗೆ ತೂಗಾಕ್ಬುಡಿ. ಮದ್ವೆ ಮುಗುದ್ಮೇಲೆ ಬಂದು ಆಕ್ಸ್ಕೊಂಡು ಓಯ್ತೀನಿ."

ಗಟ್ಟಿ ಟಾಪು ಅದು, ತಗಡಿನದು, ಒಬ್ಬ ಆಳಿನ ತೂಕ. ಗೌಹರ್ ಸೆರಗು ಸಿಕ್ಕಿಸಿಕೊಂಡು ಒಳಗೆ ನುಗ್ಗಿದಳು. ಎಡಗಡೆಯ ನಾಲ್ಕು ಬೋಲ್ಟುಗಳು ಹತ್ತು ನಿಮಿಷದಲ್ಲಿ ನೆಲಕಚ್ಚಿದವು. ಬಲಗಡೆ ಎರಡು ಕೈಮುಗಿದು ಹೊರಬಂದವು. ಮೂರನೆಯದು ಉಳಿಗೆ ತಲೆ ಕೊಟ್ಟಿತು, ಸಾಯುವ ಮುಂಚೆ ಆಕೆಯ ಹೆಬ್ಬೆರಳಿನ ಉಗುರನ್ನೂ ಜೊತೆಗೆ ಒಯ್ದಿತು. ರಕ್ತ ಒರೆಸಿಕೊಂಡು ಆಕೆ ಕೊನೆಯ ಮೂಲೆಗೆ ಬಂದಳು. ಬಂದವಳು ಸ್ಪ್ಯಾನರ್ ಕೆಳಗಿಳಿಸಿ ನಿಂತಳು.

ಅಲ್ಲೊಂದು ಕೆಂಪು ಗಡ್ಡೆಯಿತ್ತು. ಬಾಲರಾಜನ ತಾಯಿ ಅಕ್ಕಯ್ಯಮ್ಮ ಹನ್ನೊಂದು ಆಯುಧಪೂಜೆಗಳಲ್ಲಿ ಅದೇ ಜಾಗಕ್ಕೆ ಬಳಿದ ಅರಿಶಿನ, ಕುಂಕುಮ, ಗಂಧ ಒಂದರ ಮೇಲೊಂದು ಒಣಗಿ ನಿಂಬೆಹಣ್ಣಿನ ಗಾತ್ರಕ್ಕೆ ಬೆಳೆದಿತ್ತು. ಜೀಪು ತೊಳೆಯುವವರೂ ಅದನ್ನು ಬಿಟ್ಟು ಸುತ್ತಲೂ ತೊಳೆದಿದ್ದರು. ನೂರಾರು ಬೋಲ್ಟುಗಳ ಕೊರಳು ಕೊಯ್ದ ಗೌಹರ್‌ಗೆ, ಬೇರೆಯವರ ಮನೆಯ ಮುದುಕಿ ಇಟ್ಟ ಕುಂಕುಮವನ್ನು ಕೆರೆಯಲು ಕೈ ಬರಲಿಲ್ಲ.

"ಬಾಲರಾಜಣ್ಣ, ಇದರೊಳಗೆ ಬೋಲ್ಟ್ ಏನಾದ್ರೂ ಇದೆಯಾ?"

"ಅಮ್ಮ ಪೂಜೆ ಮಾಡೋ ಜಾಗ ಅದು, ಬೋಲ್ಟ್ ಯಾಕಿರ್ತದೆ? ಕೆರೆದ್ರೆ ನನ್ನ ಮನೇಗೇ ಸೇರ್ಸಲ್ಲ."

"ಆ ಕಡೆ ನಾಲ್ಕು ಇದ್ರೆ ಈ ಕಡೆ ಮೂರೇ ಇರುತ್ತಾ ಗೌಹರ್?" ಎಂದ ಕುರ್ಚಿಯಿಂದ ಮುದಸ್ಸಿರ್. "ಒದ್ದೆ ಬಟ್ಟೆ ಹಾಕಿ ನೆನೆಸಿ ನೋಡು."

"ಬಲಗಡೆ ಐದು, ಎಡಗಡೆ ಮೂರು ಇರೋರೂ ಇದಾರೆ ಪ್ರಪಂಚದಲ್ಲಿ. ಚಪ್ಪಲಿ ತೆಗೆದು ನೋಡ್ಕೊಳ್ಳಿ."

ಸಲಹೆ ಸರಿಯಾಗಿಯೇ ಇತ್ತು. ಆದರೆ ಅದು ಕುರ್ಚಿಯಿಂದ ಬಂದಿತ್ತು.

ಟಾಪಿನ ನಾಲ್ಕು ಮೂಲೆಗೆ ಪಟ್ಟಿ ಬಿಗಿದು ಗೌಹರ್ ಹಗ್ಗ ಎಳೆದಳು. ಮೂರು ಮೂಲೆ ಎದ್ದವು, ನಾಲ್ಕನೆಯದು ಕದಲಲಿಲ್ಲ. ರಬ್ಬರ್ ಅಂಟಿಕೊಂಡಿರಬೇಕೆಂದು ಬಾಲರಾಜನನ್ನೂ ಎಳೆಯಲು ಕರೆದಳು. ಇಬ್ಬರೂ ಗೋಡೆಗೆ ಕಾಲು ಕೊಟ್ಟು ಎಳೆದರು. ತೊಲೆ ನರಳಿತು. ಜೀಪಿನ ಹಿಂಭಾಗ ಸ್ಪ್ರಿಂಗುಗಳ ಮೇಲೆ ಏಳತೊಡಗಿತು. "ಬರ್ತಾ ಅದೆ ಅಕ್ಕಾ, ಇನ್ನೊಂದು ದಮ್ಮು," ಎಂದ ಬಾಲರಾಜ್.

ಆ ದಮ್ಮಿಗೆ ಕುಂಕುಮದ ಗಡ್ಡೆ ಸಿಡಿಯಿತು. ಒಳಗಿದ್ದ ಎಂಟನೆಯ ಬೋಲ್ಟು ತಗಡನ್ನು ಹರಿದುಕೊಂಡು ಹೊರಬಂತು. ಟಾಪು ಸರಪಳಿ ಹರಿದ ಆನೆಯಂತೆ ಚಿಮ್ಮಿ, ಟ್ಯೂಬ್‌ಲೈಟನ್ನು ಪುಡಿಮಾಡಿ, ಆಯಿಲ್ ಡಬ್ಬಗಳ ಕಪಾಟನ್ನು ನೆಲಸಮ ಮಾಡಿ, ತನ್ನದೇ ಜೀಪಿನ ಕನ್ನಡಿಯನ್ನು ಒದ್ದು ತಿರುಗಿತು. ಬಾಲರಾಜ್ ಹಗ್ಗ ಬಿಟ್ಟು ಟೈರುಗಳ ರಾಶಿಗೆ ಬೆನ್ನು ಕೊಟ್ಟು ಬಿದ್ದ. ಮೇಲಿನ ಟೈರು ನಿಧಾನವಾಗಿ ಯೋಚಿಸಿ, ಅವನ ಮೂಗಿನ ಮೇಲೇ ಉರುಳಿತು. ಹಗ್ಗ ಗೌಹರ್‌ಳ ಅಂಗೈ ಚರ್ಮವನ್ನು ಸುಲಿಯುತ್ತಾ ಓಡಿತು. ಆಕೆ ಬಿಡಲಿಲ್ಲ. ಮೊಣಕೈಗೆ ಸುತ್ತಿಕೊಂಡಳು. ಹಗ್ಗ ಆಕೆಯನ್ನು ದರದರ ಎಳೆದು ಕಂಬಕ್ಕೆ ಭುಜ ಬಡಿಸಿತು. ಟಾಪು ಜೀಪಿನ ಹಿಂದಕ್ಕೆ ಜಾರಿ, ಮುದಸ್ಸಿರನ ಕುರ್ಚಿಯ ಮುಂದೆ ವಾಲಿ ನಿಂತಿತು.

ನಿಲ್ಲುವ ಮುಂಚೆ ಅದರ ಒಂದು ಮೂಲೆ ಸಿಮೆಂಟಿಗೆ ತಾಗಿ ಠಣ್ ಎಂದಿತು.

ಬಾಲರಾಜ್ ಮೂಗು ಹಿಡಿದುಕೊಂಡು, "ಬಿದ್ದಿಲ್ಲ ಬುಡಿ ಅಕ್ಕಾ, ಸುಮ್ನೆ ತಾಗ್ತು," ಎಂದ.

"ನೀವು ಸುಮ್ನಿರಿ, ಮೂಗು ಒರೆಸ್ಕೊಳ್ಳಿ." ಗೌಹರ್ ಗಂಡನ ಕಡೆ ತಿರುಗಿದಳು. ಏಳು ವರ್ಷ ಅವಳ ಮುಖದ ಮೇಲೆ ಒಂದು ಕ್ಷಣ ಬಂದು ಹೋಯಿತು. "ನೆಲ ಮುಟ್ಟಿದ್ದು ಮುಟ್ಟಿದ್ದೇ. ತಗೊಳ್ಳಿ."

ರಕ್ತ ಮೆತ್ತಿದ ಹಗ್ಗವನ್ನು ಮುದಸ್ಸಿರ್ ಪಟ್ಟಾಭಿಷೇಕದ ಹಾರದಂತೆ ಸ್ವೀಕರಿಸಿದ. ಎಳೆದ. ಟಾಪು ಗೇಣುದ್ದ ಎದ್ದಿತು, ಅಲ್ಲೇ ನಿಂತಿತು. ಏಳು ವರ್ಷ ಕುರ್ಚಿಯಲ್ಲಿ ಮಾಗಿದ ತೋಳುಗಳು ಭತ್ತದ ಹುಲ್ಲಿನಂತೆ ನಡುಗಿದವು. ಬಾಲರಾಜ್ ಕೈ ಹಾಕಲು ಹೋದ.

"ಮುಟ್ಟಬೇಡಿ ಅಣ್ಣಾ," ಎಂದಳು ಗೌಹರ್ ನಲ್ಲಿಯ ಕೆಳಗೆ ಅಂಗೈ ಹಿಡಿದು. "ಅದು ಅವರ ಹಗ್ಗ."

ಆಗ ಮುದಸ್ಸಿರನಿಗೆ ಉಪಾಯ ಹೊಳೆಯಿತು. ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ಕುಂಟುತ್ತಾ ಶೆಡ್ಡಿನಿಂದ ಹೊರನಡೆದ. ಅವನು ಒಂದೊಂದು ಹೆಜ್ಜೆ ಇಟ್ಟಂತೆ ಒಳಗೆ ಟಾಪು ಮೇಲೇರಿತು. ಆಟೋಗಳು ಹಾರ್ನ್ ಹೊಡೆದವು, ಸ್ಕೂಟರಿನವನೊಬ್ಬ ಬೈದ. ಗಲ್ಲಿ ದಾಟಿ ಎದುರಿನ ಟೀ ಅಂಗಡಿ ಮುಟ್ಟುವ ಹೊತ್ತಿಗೆ ಟಾಪು ತೊಲೆಗೆ ತಾಗಿತ್ತು. ವಿಜಯ ಸಂಪೂರ್ಣವಾಗಿತ್ತು. ಹಗ್ಗ ಬಿಗಿಯುವ ಕೊಕ್ಕೆ ಮಾತ್ರ ಶೆಡ್ಡಿನೊಳಗಿನ ಗೋಡೆಯಲ್ಲಿತ್ತು.

ಗೌಹರ್ ಬಾಗಿಲಿಗೆ ಬಂದು, ಡಬ್ಬಿಯ ಪಕ್ಕ ನಿಂತು, ಗಲ್ಲಿಯುದ್ದಕ್ಕೂ ಬಿಗಿದುಕೊಂಡ ಹಗ್ಗವನ್ನು ನೋಡಿದಳು.

"ಯಜಮಾನ್ರೇ, ಏನಾದ್ರೂ ಬೇಕಿತ್ತಾ?"

"ಏನೂ ಬೇಡ," ಎಂದ ಮುದಸ್ಸಿರ್. ಒಂದು ಟೀ ಹೇಳಿದ. ಕುಡಿದ. ಇನ್ನೊಂದು ಹೇಳಿದ. ಎರಡೂ ಕಡೆ ಗಾಡಿಗಳು ಸಾಲುಗಟ್ಟಿ ಬೊಬ್ಬೆ ಹಾಕಿದವು. ಎರಡನೆಯ ಲೋಟ ಮುಗಿಯುವ ಹೊತ್ತಿಗೆ ಹಗ್ಗ ಅವನ ಸೊಂಟವನ್ನು ಅರ್ಧ ಕೊಯ್ದಿತ್ತು.

"ಗೌಹರ್," ಎಂದ ಕೊನೆಗೆ, ಟೀ ಅಂಗಡಿಯವನಿಗೆ ಕೇಳದಷ್ಟು ಮೆಲ್ಲಗೆ. "ಕಟ್ಟು."

"ಗಾಡಿಗಳ ಸದ್ದು ಜಾಸ್ತಿ ರೀ. ಇನ್ನೊಂದು ಸಲ ಹೇಳಿ."

ಅವನು ಇಡೀ ಗಲ್ಲಿಗೆ ಕೇಳುವಂತೆ ಹೇಳಿದ. ಆಕೆ ಒಳಗೆ ಹೋಗಿ, ಸುಲಿದ ಅಂಗೈ ತಾಗಿಸದೆ, ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ, ಮೊಣಕೈಗಳಲ್ಲಿ ತಿರುಚಿ, ಕೊಕ್ಕೆಗೆ ಗಂಟು ಹಾಕಿದಳು.