ಶ್ರುತಿ ಹಿಡಿದ ಸೈಲೆನ್ಸರು

ಕಾಗದದಷ್ಟು ತೆಳ್ಳಗಿನ ಸಿಹಿ ತೊಡೆದೇವು ಮಾಡುತ್ತಿದ್ದೆ. ಬೋರಲು ಹಾಕಿದ ಗಡಿಗೆ ಹದವಾಗಿ ಕಾದಿತ್ತು. ಅದರ ಬೆನ್ನಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿದ ಕೋಲನ್ನು ಬೆಲ್ಲದ ಹಿಟ್ಟಿನಲ್ಲಿ ಅದ್ದಿ ಇನ್ನೇನು ಎಳೆಯಬೇಕು, ಅಷ್ಟರಲ್ಲಿ ಎದುರುಮನೆ ಅತ್ತಿಗೆ ಅಂಗಳದಿಂದಲೇ ಕೂಗಿದರು.

"ತಂಗೀ, ಹಾಡಿನ ಅಕ್ಕೋರು ಹೋದ್ರಡ..."

ಹುಬ್ಬಳ್ಳಿಯ ಮಗಳ ಮನೆಯಲ್ಲಿ, ಬೆಳಿಗ್ಗೆ ಮಿಂದು ದೇವರ ಮುಂದೆ ಕುಳಿತವರು ಮತ್ತೆ ಏಳಲಿಲ್ಲವಂತೆ. ಹಾಸಿಗೆ ಹಿಡಿಯಲಿಲ್ಲ, ಯಾರ ಕೈಯಲ್ಲೂ ಮಾಡಿಸಿಕೊಳ್ಳಲಿಲ್ಲ. ದೇವರು ಅಷ್ಟು ನಡೆಸಿಕೊಟ್ಟ. ಅತ್ತಿಗೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳುತ್ತಿದ್ದರು, ನಾನು ಕೋಲು ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಒಳಗೆ ಎಣ್ಣೆ ಸವರಿದ ಗಡಿಗೆ ಬರಿದೇ ಕಾದು ಹೊಗೆ ಎದ್ದಿತು. ಕಬ್ಬಿಣ ಕಾದ ಹಾಗೆ, ಬಣ್ಣ ಸುಟ್ಟ ಹಾಗೆ ಒಂದು ಘಾಟು. ಓಡಿಹೋಗಿ ಬೆಂಕಿ ಎಳೆದೆ. ಪುಣ್ಯಕ್ಕೆ ಗಡಿಗೆ ಸೀಳಲಿಲ್ಲ. ಆದರೆ ಆ ಘಾಟು ಮೂಗಿಗೆ ಹತ್ತಿದ್ದೇ, ಆ ದಿನ ಅಕ್ಕೋರ ಕಾರಿಗೆ ಹಾಕಿಸಿದ ಹೊಸ ಸೈಲೆನ್ಸರು ಕಣ್ಣಮುಂದೆ ಬಂತು. ಅಳುವ ಹೊತ್ತಿನಲ್ಲಿ ನಗು ಬಂದರೆ ಏನು ಮಾಡುವುದು?

ಅಕ್ಕೋರು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನಮ್ಮ ಬೀದಿಯ ಹೆಂಗಸರಿಗೆಲ್ಲ ಭಜನೆ ಹೇಳಿಕೊಟ್ಟವರು. ಆಗ ಸಿರಸಿಯ ನಮ್ಮ ಓಣಿಯಲ್ಲಿ ಕಾರು ಓಡಿಸುತ್ತಿದ್ದ ಹೆಂಗಸೆಂದರೆ ಅವರೊಬ್ಬರೇ. ಹಳೆಯ ಬಿಳಿ ಕಾರು. ಶನಿವಾರ ಸಂಜೆ ನಮ್ಮನ್ನೆಲ್ಲ ಅದರಲ್ಲಿ ತುಂಬಿಕೊಂಡು ಯಲ್ಲಾಪುರ ರಸ್ತೆಯಲ್ಲಿ ಸ್ವಲ್ಪ ದೂರದ ಒಂದು ದೇವಿ ದೇವಸ್ಥಾನಕ್ಕೆ ಹೋಗುತ್ತಿದ್ದರು. ಹೋಗುತ್ತ ಬರುತ್ತ ಕಾರಿನಲ್ಲೇ ನಮ್ಮ ಅಭ್ಯಾಸ. ಮನೆಯಲ್ಲಿ ಹಾಡಲು ಬಾಯಿ ತೆರೆದರೆ ಕುಕ್ಕರು ಕೂಗುತ್ತದೆ, ಅದು ಸುಮ್ಮನಾದರೆ ಗಂಡ ಕೂಗುತ್ತಾರೆ. ಕಾರು ಹತ್ತಿ ಬಾಗಿಲು ಹಾಕಿಕೊಂಡ ಮೇಲೆ ಮಾತ್ರ ನಮ್ಮನ್ನು ಯಾರೂ ಕರೆಯುವ ಹಾಗಿರಲಿಲ್ಲ.

ನನ್ನದೊಂದು ಸಂಕಟವಿತ್ತು. ನನಗೆ ಶ್ರುತಿ ನಿಲ್ಲುತ್ತಿರಲಿಲ್ಲ. ಎಲ್ಲರೂ ಒಂದು ಕಡೆ ಹೋದರೆ ನಾನು ಬೇಲಿ ಹಾರಿದ ಎಮ್ಮೆಯ ಹಾಗೆ ಇನ್ನೊಂದು ಕಡೆ. ನಮ್ಮ ಭಜನಾ ಮಂಡಳಿ ನಡೆಸುತ್ತಿದ್ದ ಎದುರುಮನೆ ಅತ್ತಿಗೆ ನೇರ ಮಾತಿನವರು. "ನೀ ತಾಳ ಹಾಕು ತಂಗಿ, ಬಾಯಿ ಆಡ್ಸು. ದನಿ ಮಾತ್ರ ಬಿಡಡ" ಎಂದಿದ್ದರು. ಹಾಗೇ ಮಾಡುತ್ತಿದ್ದೆ. ಆದರೆ ದೇವಿಯ ಎದುರು ಬರೀ ತುಟಿ ಆಡಿಸುವುದೆಂದರೆ... ಜನರಿಗೆ ತಿಳಿಯದಿರಬಹುದು, ಅವಳಿಗೆ ತಿಳಿಯುವುದಿಲ್ಲವೇ? ಆ ವರ್ಷ ನವರಾತ್ರಿಗೆ ಯಲ್ಲಾಪುರದಲ್ಲಿ ನಮ್ಮ ಮಂಡಳಿಯ ಭಜನೆ ಎಂದು ಗೊತ್ತಾಯಿತು. ಒಮ್ಮೆ, ಒಂದೇ ಒಂದು ಸಲ, ಬಾಯಿಬಿಟ್ಟು ಹಾಡಬೇಕೆಂದು ನನಗೆ ಆಸೆ. ಯಾರ ಹತ್ತಿರವೂ ಹೇಳಿರಲಿಲ್ಲ.

ಅಷ್ಟರಲ್ಲಿ ಕಾರಿನ ಸೈಲೆನ್ಸರಿಗೆ ತುಕ್ಕು ಹಿಡಿದು ತೂತು ಬಿತ್ತು. ಏನು ಆರ್ಭಟ ಅಂತೀರಿ! ಓಣಿಯ ತಿರುವಿನಲ್ಲಿ ಬಂದರೆ ಹಟ್ಟಿಯ ಕರುಗಳು ಬಾಲ ಎತ್ತಿ ಓಡುತ್ತಿದ್ದವು. ಅಕ್ಕೋರು ಶ್ರುತಿಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ನನಗೇ ಕೊಡುತ್ತಿದ್ದರು. ಅದು ನನ್ನ ತೊಡೆಗಷ್ಟೇ ಕೇಳುತ್ತಿತ್ತು, ಕಿವಿಗಲ್ಲ. ಅಭ್ಯಾಸ ನಿಂತೇಹೋಯಿತು.

ಒಂದು ಮಧ್ಯಾಹ್ನ ಅಕ್ಕೋರು ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಾರೆ, ನನಗೆ ಗೊತ್ತಿಲ್ಲ. ನಾನು ಮಿಕ್ಸರಿನಲ್ಲಿ ಚಟ್ನಿ ತಿರುವುತ್ತ ಗಟ್ಟಿಯಾಗಿ ಹಾಡಿಕೊಳ್ಳುತ್ತಿದ್ದೆ.

"ಅಲ್ದೇ ಮಾರಾಯ್ತಿ, ಮಿಕ್ಸರ್ ತಿರುಗ್ತಾ ಇದ್ರೆ ನಿನ್ನ ಶ್ರುತಿ ಅಲ್ಲಾಡ್ತಿಲ್ಲೆ!" ಎಂದರು. "ನಿಂಗೆ ಕೆಳಗಿಂದ ಒಂದೇ ಸಮದ ದನಿ ಒಂದು ಬೇಕು, ಅಷ್ಟೇ. ನಡಿ, ಸೈಲೆನ್ಸರ್ ಹುಡ್ಕನ."

ಹಾಗಾಗಿ ಸೈಲೆನ್ಸರು ತರಲು ನಾವು ಐದು ಹೆಂಗಸರು ಹೋದದ್ದು. ಯಲ್ಲಾಪುರದ ಹೆದ್ದಾರಿ ಬದಿಯ ಅಂಗಡಿ. ಲಾರಿಗಳ ಕೊಳವೆಗಳೆಲ್ಲ ಗೋಡೆಗೆ ಒರಗಿ ನಿಂತಿದ್ದವು. ಅಂಗಡಿಯ ಸಾಬರು ನಮಗೆ ಬೆಂಚು ಒರೆಸಿ ಕೊಟ್ಟು, "ಎಂಥಾದ್ದು ಹಾಕ್ಲಿ ಅಕ್ಕೋರೆ? ಹುಡುಗ್ರು ಬಂದ್ರೆ ಗಡಗಡ ಅನ್ನೋದು ಕೇಳ್ತಾರೆ. ಸಾಹೇಬ್ರು ಬಂದ್ರೆ ಸದ್ದೇ ಬೇಡ ಅಂತಾರೆ" ಎಂದರು.

"ತಂಬೂರಿ ಥರದ್ದು ಹಾಕಿ" ಎಂದರು ಅಕ್ಕೋರು.

ಸಾಬರು ಒಂದು ಗಳಿಗೆ ಅವರ ಮುಖ ನೋಡಿದರು. ತಮಾಷೆಯಲ್ಲ ಎಂದು ತಿಳಿದ ಮೇಲೆ ಕಾರಿನ ಕೆಳಗೆ ನುಗ್ಗಿದರು.

ಮೊದಲು ಹಾಕಿದ್ದು ಸಣ್ಣ ಡಬ್ಬಿಯದು. ತಗಡಿನ ಮೇಲೆ ಮಳೆ ಬಿದ್ದ ಹಾಗೆ ಚಿರಿಚಿರಿ ಎಂದಿತು. ಎರಡನೆಯದು ಹುಡುಗರು ಕೇಳುವಂಥದ್ದು. ಅತ್ತಿಗೆ ಎರಡೂ ಕಿವಿ ಮುಚ್ಚಿಕೊಂಡು, "ರಾಮ ರಾಮ, ಭಜನೆಗೆ ಹೋಪದಾ, ಯುದ್ಧಕ್ಕೆ ಹೋಪದಾ?" ಎಂದರು. ಮೂರನೆಯದು ಹೊಟ್ಟೆ ದಪ್ಪಗಿತ್ತು. ಸಾಬರು ಕಾರು ಚಾಲೂ ಮಾಡಿ ಆಕ್ಸಿಲರೇಟರು ಸ್ವಲ್ಪ ಒತ್ತಿ ಹಿಡಿದರು. ಗುಂ... ಎಂದು ದುಂಡಗೆ ಒಂದು ದನಿ ಬಂತು, ಒಡಕಿಲ್ಲ, ನಡುಕವಿಲ್ಲ. ಅಕ್ಕೋರು ಬಾನೆಟ್ಟಿನ ಮೇಲೆ ಶ್ರುತಿಪೆಟ್ಟಿಗೆ ಇಟ್ಟು ಕಿವಿ ಹತ್ತಿರ ತಂದರು. "ಇನ್ನೂ ಒಂಚೂರು ಒತ್ತಿ... ಹಾಂ, ಹಾಂ, ಅಲ್ಲೇ!"

"ಅಕ್ಕೋರೆ, ಎತ್ತರ-ತಗ್ಗು ಎಲ್ಲ ಇಂಜಿನ್‌ದು, ನಿಮ್ಮ ಕಾಲಿಂದು. ನನ್ನ ಸೈಲೆನ್ಸರ್ ಬರೀ ಗಂಟಲು" ಎಂದು ಸಾಬರು ನಕ್ಕರು.

"ಗಂಟಲೇ ಬೇಕಾಗಿತ್ತು" ಎಂದರು ಅಕ್ಕೋರು.

ಹೊಸತು ಕಾದು, ಅದರ ಕಪ್ಪು ಬಣ್ಣ ಸುಟ್ಟು ಘಾಟು ಎದ್ದಿತ್ತು. ನಾವೆಲ್ಲ ಮೂಗಿಗೆ ಸೆರಗು ಹಿಡಿದುಕೊಂಡು ಆ ಕಾರಿನಲ್ಲೇ ಹಾಡುತ್ತ ಮನೆಗೆ ಬಂದೆವು.

ಅಲ್ಲಿಂದ ಮುಂದೆ ನಮ್ಮ ಅಭ್ಯಾಸಕ್ಕೊಂದು ಕ್ರಮ ಬಂತು. ಊರ ಹೊರಗಿನ ಸೇತುವೆ ದಾಟಿದ ಕೂಡಲೇ ಅಕ್ಕೋರು ಕಾರನ್ನು ಮೂರನೇ ಗೇರಿನಲ್ಲಿ ಒಂದೇ ಸಮ ಬಿಡುತ್ತಿದ್ದರು. ಹಿಂದಿನಿಂದ ಗುಂ ಎನ್ನುವ ದನಿ ಸೀಟಿನೊಳಗಿಂದ ಬೆನ್ನಿಗೆ ಬರುತ್ತಿತ್ತು. ಅದರ ಮೇಲೆ ನವರಾತ್ರಿಯ ದೇವಿಯ ಹಾಡು. ಮೊದಲ ದಿನ ನಾನು ಮೆಲ್ಲಗೆ ದನಿ ಬಿಟ್ಟೆ. ಮುಂದೆ ಕೂತಿದ್ದ ಅತ್ತಿಗೆ ತಟ್ಟನೆ ತಿರುಗಿ, "ಅದ್ಯಾರೇ ಹಾಡಿದ್ದು?" ಎಂದರು.

"ಆನು..." ಎಂದೆ, ಬೈಗುಳಕ್ಕೆ ತಯಾರಾಗಿ.

ಅತ್ತಿಗೆ ಮುಂದಕ್ಕೆ ತಿರುಗಿ ಕೂತರು. ಕನ್ನಡಿಯಲ್ಲಿ ಅಕ್ಕೋರ ಕಣ್ಣು ನಗುತ್ತಿತ್ತು.

ನವರಾತ್ರಿಯ ಆ ಸಂಜೆ ಯಲ್ಲಾಪುರದ ದೇವಸ್ಥಾನದಲ್ಲಿ ಜನ ತುಂಬಿದ್ದರು. ಅಕ್ಕೋರು ಹಾರ್ಮೋನಿಯಂ ಹಿಡಿದರು. ನಾನು ತಾಳ ಹಿಡಿದು, ದೇವಿಯ ಮುಖ ನೋಡಿ, ಬಾಯಿಬಿಟ್ಟು ಹಾಡಿದೆ. ಪಲ್ಲವಿ ಸರಿಯಾಯಿತು. ಎರಡು ಚರಣ ಸರಿಯಾದವು. ಮೂರನೇ ಚರಣ ಶುರುವಾದದ್ದೇ ನಾವೆಲ್ಲ ಒಟ್ಟಿಗೆ, ಒಂದೇ ಉಸಿರಿಗೆ, ಶ್ರುತಿ ಬಿಟ್ಟು ಮೇಲಕ್ಕೆ ಹೋದೆವು!

ಆಗಿದ್ದಿಷ್ಟೇ. ಸೇತುವೆಯಿಂದ ಹಾಡು ಎತ್ತಿಕೊಂಡರೆ ಮೂರನೇ ಚರಣಕ್ಕೆ ಸರಿಯಾಗಿ ರಸ್ತೆಯಲ್ಲಿ ಏರು ಬರುತ್ತಿತ್ತು. ಅಕ್ಕೋರು ಎರಡನೇ ಗೇರಿಗೆ ಹಾಕುತ್ತಿದ್ದರು, ಕಾರಿನ ದನಿ ಮೇಲೇರುತ್ತಿತ್ತು, ಜೊತೆಗೆ ನಾವೂ. ಅಷ್ಟು ವಾರ ಹಾಗೇ ಹಾಡಿದ್ದೆವು. ಒಬ್ಬರಿಗೂ ಗೊತ್ತಾಗಿರಲಿಲ್ಲ, ಕಾರು ಓಡಿಸುತ್ತಿದ್ದ ಅಕ್ಕೋರಿಗೂ.

ಹಾರ್ಮೋನಿಯಂ ಒಂದು ಕಡೆ, ನಾವು ಒಂದು ಕಡೆ. ಅಕ್ಕೋರು ತಲೆ ಎತ್ತಿ ನಮ್ಮನ್ನು ನೋಡಿದರು. ಮುಖದಲ್ಲಿ ಗಾಬರಿ ಒಂದೇ ಚಣ. ಆಮೇಲೆ ಅವರ ಬೆರಳುಗಳು ಕರಿ-ಬಿಳಿ ಮನೆಗಳ ಮೇಲೆ ಸರಸರ ಸರಿದು ನಾವಿದ್ದ ಜಾಗಕ್ಕೇ ಬಂದು ಕೂತವು, ಗೇರು ಬದಲಿಸಿದಷ್ಟೇ ಸಲೀಸಾಗಿ. ಹಾಡು ನಿಲ್ಲಲಿಲ್ಲ. ನಾನು ಕಣ್ಣುಮುಚ್ಚಿದೆ. ಜನ್ಮದಲ್ಲಿ ಮೊದಲ ಸಲ ನಾನು ಎಲ್ಲರ ಜೊತೆಗಿದ್ದೆ. ತಪ್ಪಿದ್ದರೂ ಜೊತೆಗೇ ತಪ್ಪಿದ್ದೆ.

ಮಂಗಳಾರತಿ ಆದ ಮೇಲೆ ಅರ್ಚಕರು ಪ್ರಸಾದ ಕೊಡುತ್ತ, "ಕಡೇ ಚರಣ ಏರಿಸಿದ್ದು ಭಾರೀ ಚಲೋ ಆತು ಅಕ್ಕೋರೆ. ಮೈ ಜುಂ ಅಂತು" ಎಂದರು.

"ಅದು ಎರಡನೇ ಗೇರು ಭಟ್ರೆ" ಎಂದರು ಅಕ್ಕೋರು, ಮುಖ ಸ್ವಲ್ಪವೂ ಸಡಿಲಿಸದೆ.

ವಾಪಸು ಬರುವಾಗ ಕಾರಿನಲ್ಲಿ ಹಾಡಲೇ ಇಲ್ಲ. ನಕ್ಕು ನಕ್ಕು ಅತ್ತಿಗೆಗೆ ಬಿಕ್ಕಳಿಕೆ ಬಂತು.

ಆಮೇಲೆ ಅಕ್ಕೋರ ಮಂಡಿ ನೋವು ಹೆಚ್ಚಿ, ಕಾರು ಯಾರಿಗೋ ಹೋಯಿತು, ಅವರು ಹುಬ್ಬಳ್ಳಿಗೆ ಹೋದರು. ಆಗಾಗ ಫೋನು ಮಾಡಿ, "ದನಿ ಬಿಡ್ತಾ ಇದ್ಯ?" ಎಂದು ಕೇಳುತ್ತಿದ್ದರು. ಬಿಡುತ್ತಿದ್ದೇನೆ ಎನ್ನುತ್ತಿದ್ದೆ. ಇನ್ನು ಕೇಳುವವರಿಲ್ಲ. ಅಡಿಗೆಮನೆ ತುಂಬ ಘಾಟು ಹಾಗೇ ಇತ್ತು. ಕಣ್ಣು ಉರಿಯಿತು... ಘಾಟಿಗೇ ಇರಬೇಕು ಎಂದುಕೊಂಡೆ, ಆದರೆ ಅಲ್ಲ.

ಅತ್ತಿಗೆ ಒಳಗೆ ಬಂದು ಮಣೆಯ ಮೇಲೆ ಕೂತರು.

"ಈ ಶನಿವಾರ ಅಕ್ಕೋರ ಹೆಸರಿನಲ್ಲಿ ಭಜನೆ ಮಾಡನ" ಎಂದರು. "ಹಾಡು ನೀನೇ ಶುರು ಮಾಡು."

"ಆನಾ? ಎನಗೆ ಶ್ರುತಿ ಎಲ್ಲಿ ಸಿಗ್ತು ಅತ್ತಿಗೆ..."

"ನೀ ಎಲ್ಲಿ ಹಿಡಿದ್ರೂ ಅಡ್ಡಿಲ್ಲೆ" ಎಂದು ಅವರು ಎದ್ದರು. "ಎಂಗ ಎಲ್ಲರೂ ನಿನ್ನ ಹಿಂದೇ ಬತ್ಯ."

ಹೊರಗೆ ಮೋಡ ಕಟ್ಟುತ್ತಿತ್ತು. ಅತ್ತಿಗೆಯನ್ನು ಬೇಲಿಬಾಗಿಲ ದಣಪೆಯವರೆಗೆ ಕಳಿಸಿ, ತಂತಿಯ ಮೇಲಿನ ಬಟ್ಟೆ ತೆಗೆಯಲು ಹೋದೆ.